ಲೀಡ್ ಮತ್ತು ಲೆಡ್: ಒಂದೇ ಕಾಗುಣಿತದೊಳಗಿನ ಎರಡು ಪದಗಳು

ಕೋಲಾರದ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿರುವ ನನ್ನ ಬಳಿಗೆ ಭಾಷೆಯ ದೂರುಗಳು ಹೆಚ್ಚಾಗಿ ಬೇರೆ ವಿಭಾಗಗಳಿಂದಲೇ ಬರುತ್ತವೆ. ಹಿಂದಿನ ವರ್ಷ ಬಂದದ್ದು ರಸಾಯನಶಾಸ್ತ್ರ ಪ್ರಯೋಗಾಲಯದಿಂದ. ಲವಣ ವಿಶ್ಲೇಷಣೆಯ ದಿನ ಬಾಟಲಿಯ ಮೇಲಿನ ಹೆಸರನ್ನು ಓದಲು ಹೇಳಿದಾಗ, ಮುಳಬಾಗಿಲು ಕಡೆಯ ಹಳ್ಳಿಯಿಂದ ಬರುವ ಒಬ್ಬ ಹುಡುಗ ‘ಲೆಡ್ ನೈಟ್ರೇಟ್’ ಎಂದು ಓದಬೇಕಾದ ಅದನ್ನು ‘ಲೀಡ್ ನೈಟ್ರೇಟ್’ ಎಂದು ಓದಿದ, ತರಗತಿ ನಕ್ಕಿತು, ಆಮೇಲೆ ಆತ ಪ್ರಯೋಗಾಲಯದಲ್ಲಿ ಬಾಯಿ ತೆರೆಯುವುದನ್ನೇ ನಿಲ್ಲಿಸಿದ. ಸಹೋದ್ಯೋಗಿಯ ಪ್ರಶ್ನೆ ಸರಳವಾಗಿತ್ತು: ಹತ್ತನೆಯ ತರಗತಿಯಲ್ಲಿ ಈ ವಸ್ತುವನ್ನು ಕಾಯಿಸಿ ಕಂದು ಬಣ್ಣದ ಹೊಗೆ ಏಳುವುದನ್ನು ನೋಡಿ ಬಂದ ವಿದ್ಯಾರ್ಥಿಗೆ ಅದರ ಹೆಸರೂ ಬರುವುದಿಲ್ಲವೇ?

ಹೆಸರು ಬರುತ್ತದೆ, ಆದರೆ ಅದು ‘ಸೀಸದ ನೈಟ್ರೇಟ್’. ಕನ್ನಡ ಮಾಧ್ಯಮದಲ್ಲಿ ಓದಿದ ಆ ಹುಡುಗನಿಗೆ ಲೋಹವೂ ಗೊತ್ತು, ಅದರ ಗುಣವೂ ಗೊತ್ತು. ಎಲ್, ಇ, ಎ, ಡಿ ಎಂಬ ನಾಲ್ಕು ಅಕ್ಷರಗಳನ್ನು ಅವನು ಅದುವರೆಗೆ ಕಂಡದ್ದು ಮತ ಎಣಿಕೆಯ ದಿನದ ಟಿವಿ ಪರದೆಯ ಮೇಲೆ, ಯಾರು ಎಷ್ಟು ಮತಗಳ ‘ಲೀಡ್’ನಲ್ಲಿದ್ದಾರೆ ಎಂದು ತೋರಿಸುವ ಪಟ್ಟಿಯಲ್ಲಿ. ಅಲ್ಲಿ ಕಲಿತದ್ದನ್ನು ಇಲ್ಲಿ ಅನ್ವಯಿಸಿದ. ಇದನ್ನು ನಾನು ತಪ್ಪು ಎಂದು ಕರೆಯಲಾರೆ, ಏಕೆಂದರೆ ಆ ನಾಲ್ಕು ಅಕ್ಷರಗಳಲ್ಲಿ ಯಾವ ಉಚ್ಚಾರವನ್ನು ಆರಿಸಬೇಕು ಎಂಬುದಕ್ಕೆ ಒಂದು ಗುರುತೂ ಇಲ್ಲ. ಇದು ಎರಡು ಉಚ್ಚಾರಗಳಿರುವ ಒಂದು ಪದ ಎಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ, ಆದರೆ ಆ ಮಾತೇ ಸರಿಯಲ್ಲ. ಇವು ಎರಡು ಬೇರೆ ಪದಗಳು. ಬೇರೆ ಬೇರೆ ಮನೆಗಳಿಂದ ಬಂದು ಒಂದೇ ಬಾಗಿಲ ಸಂಖ್ಯೆಯಲ್ಲಿ ವಾಸವಾಗಿವೆ, ಅಷ್ಟೆ.

ಮೊದಲು ‘ಲೀಡ್’ ಎಂಬ ಕ್ರಿಯಾಪದವನ್ನು ನೋಡೋಣ. ಹಳೆಯ ಇಂಗ್ಲಿಷ್‌ನಲ್ಲಿ ‘ಲೀಥನ್’ ಎಂದರೆ ಹೋಗು, ಪಯಣಿಸು. ಅದರ ಪ್ರೇರಣಾರ್ಥಕ ರೂಪ ‘ಲ್ಯಾಡನ್’, ಅಂದರೆ ಹೋಗುವಂತೆ ಮಾಡು, ಜೊತೆಯಲ್ಲಿ ಕರೆದೊಯ್ಯು. ಕನ್ನಡದವರಿಗೆ ಇದನ್ನು ವಿವರಿಸಲು ಒಂದು ನಿಮಿಷವೂ ಬೇಡ: ‘ನಡೆ’ಯಿಂದ ‘ನಡೆಸು’ ಹುಟ್ಟಿದಂತೆಯೇ ಅದು ಹುಟ್ಟಿತು, ಮತ್ತು ಇಂದಿಗೂ ಅದರ ಅತ್ಯಂತ ಸಮೀಪದ ಕನ್ನಡ ಪದ ‘ಮುನ್ನಡೆಸು’ ಎಂಬುದೇ. ಜರ್ಮನ್ ಭಾಷೆಯ ‘ಲೈಟನ್’ ಮತ್ತು ಡಚ್ ಭಾಷೆಯ ‘ಲೈಡನ್’ ಇದರ ದಾಯಾದಿಗಳು.

ಈ ವಂಶದ ಇನ್ನೊಂದು ಕವಲು ನಮ್ಮ ಜಿಲ್ಲೆಗೇ ಬಂದು ನಿಂತಿದೆ. ಅದೇ ಮೂಲಧಾತುವಿನಿಂದ ಹುಟ್ಟಿದ ‘ಲಾಡ್’ ಎಂಬ ಹಳೆಯ ನಾಮಪದಕ್ಕೆ ದಾರಿ, ಪಯಣ, ಸಾಗಣೆ ಎಂಬ ಅರ್ಥಗಳಿದ್ದವು. ಮುಂದೆ ಇದು ‘ಲೋಡ್’ ಎಂದು ಬದಲಾಗಿ, ಕಾಗುಣಿತದಲ್ಲಿ ಎರಡಾಗಿ ಒಡೆಯಿತು. ದಾರಿ ಎಂಬ ಅರ್ಥವನ್ನು ಉಳಿಸಿಕೊಂಡ ಭಾಗ, ಕೊನೆಯಲ್ಲಿ ಇ ಅಕ್ಷರವಿರುವುದು, ದಾರಿ ತೋರುವ ಧ್ರುವನಕ್ಷತ್ರದ ಮತ್ತು ಅಯಸ್ಕಾಂತದ ಇಂಗ್ಲಿಷ್ ಹೆಸರುಗಳಲ್ಲಿ ಸೇರಿಕೊಂಡಿತು. ಗಣಿಗಾರರ ಬಾಯಲ್ಲಿ, ಬಂಡೆಯೊಳಗೆ ಹರಿದು ಹೋಗುವ ಅದಿರಿನ ಎಳೆಗೂ ಅದೇ ಹೆಸರಾಯಿತು. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರಿಗಿಂತ ಆಳದವರೆಗೆ ಜನ ಇಳಿದು ಹಿಂಬಾಲಿಸಿದ ‘ಚಾಂಪಿಯನ್ ಲೋಡ್’ ಎಂಬ ಹೆಸರಿನಲ್ಲಿರುವುದು ಇದೇ ಪದ. 2001ರಲ್ಲಿ ಗಣಿಗಳು ಮುಚ್ಚಿದ ಮೇಲೂ ಆ ಹೆಸರು ಅಲ್ಲಿನ ಹಿರಿಯರ ಮಾತಿನಲ್ಲಿ ಉಳಿದಿದೆ. ಸಾಗಣೆ ಎಂಬ ಅರ್ಥವನ್ನು ಹಿಡಿದ ಇನ್ನೊಂದು ಭಾಗ ಹೊರೆ ಎಂಬ ಅರ್ಥಕ್ಕೆ ತಿರುಗಿತು: ಕೋಲಾರದ ಎಪಿಎಂಸಿ ಅಂಗಳದಿಂದ ಬೆಳಗಿನ ಜಾವ ಹೊರಡುವ ಟೊಮೆಟೊ ‘ಲೋಡು’ ಅದೇ. ಹೀಗೆ ನೆಲದಡಿಯ ಚಿನ್ನದ ಲೋಡ್ ಮತ್ತು ಲಾರಿಯ ಮೇಲಿನ ಟೊಮೆಟೊ ಲೋಡು ಮೂಲದಲ್ಲಿ ಒಂದೇ ಪದ, ಉಚ್ಚಾರವೂ ಒಂದೇ, ಕಾಗುಣಿತ ಮಾತ್ರ ಎರಡು. ಲೀಡ್ ಮತ್ತು ಲೆಡ್ ಇದಕ್ಕೆ ಸರಿಯಾಗಿ ತಲೆಕೆಳಗು: ಮೂಲ ಎರಡು, ಉಚ್ಚಾರ ಎರಡು, ಕಾಗುಣಿತ ಒಂದು. ಇಂಗ್ಲಿಷ್ ಕಾಗುಣಿತವನ್ನು ಯಾರೋ ಕುಳಿತು ಯೋಜಿಸಿದ್ದಾರೆಂದು ನಂಬುವ ವಿದ್ಯಾರ್ಥಿಗಳಿಗೆ ನಾನು ಈ ಎರಡು ಜೋಡಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸುತ್ತೇನೆ.

ಲೋಹದ ಹೆಸರಾದ ‘ಲೆಡ್’ಗೆ ನಡೆಯುವುದರೊಡನಾಗಲಿ ನಡೆಸುವುದರೊಡನಾಗಲಿ ಸಂಬಂಧವಿಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಇದು ಎರಡು ಸ್ವರಗಳು ಕೂಡಿದ ‘ಲೇಅಡ್’ ಎಂಬಂತಹ ಪದವಾಗಿತ್ತು. ಡಚ್ ಭಾಷೆಯಲ್ಲಿ ಇದರ ಬಂಧು ಪದ ಇಂದಿಗೂ ಸೀಸವೆಂಬ ಅರ್ಥದಲ್ಲಿದೆ; ಜರ್ಮನ್ನರಲ್ಲಿ ಅದು ಗೋಡೆಯ ನೇರ ನೋಡಲು ಗಾರೆ ಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿಗೆ ಹೆಸರಾಗಿ ಉಳಿದಿದೆ. ಐರ್ಲೆಂಡಿನ ಭಾಷೆಯಲ್ಲಿಯೂ ಸೀಸಕ್ಕೆ ಇದನ್ನು ಹೋಲುವ ಪದವಿರುವುದರಿಂದ, ಜರ್ಮ್ಯಾನಿಕ್ ಭಾಷೆಗಳು ಇದನ್ನು ಕೆಲ್ಟಿಕ್ ಭಾಷೆಗಳವರಿಂದ ಲೋಹದ ಜೊತೆಗೇ ಪಡೆದಿರಬೇಕೆಂದು ಭಾಷಾ ಇತಿಹಾಸಕಾರರು ಊಹಿಸುತ್ತಾರೆ. ಲ್ಯಾಟಿನ್‌ನಲ್ಲಿ ಸೀಸದ ಹೆಸರು ‘ಪ್ಲಂಬಮ್’. ಧಾತುವಿನ ಸಂಕೇತ ಎಲ್‌ನಿಂದ ಆರಂಭವಾಗದೆ ಪಿ ಮತ್ತು ಬಿ ಆಗಿರುವುದು ಅದರಿಂದ. ಹಿಂದೆ ನೀರಿನ ಕೊಳವೆಗಳನ್ನು ಸೀಸದಿಂದ ಮಾಡುತ್ತಿದ್ದುದರಿಂದ ನಲ್ಲಿ ರಿಪೇರಿಯವರು ‘ಪ್ಲಂಬರ್’ ಆದದ್ದೂ ಅದರಿಂದ.

ಪೆನ್ಸಿಲ್ ವಿಷಯ ಬಂದಾಗ ತರಗತಿಯಲ್ಲಿ ಯಾವಾಗಲೂ ಒಂದು ಕೈ ಮೇಲೇಳುತ್ತದೆ. ಪೆನ್ಸಿಲ್ ಒಳಗಿನ ಕಪ್ಪು ಕಡ್ಡಿಗೂ ಇಂಗ್ಲಿಷ್‌ನಲ್ಲಿ ‘ಲೆಡ್’ ಎಂದೇ ಹೆಸರು, ಉಚ್ಚಾರವೂ ಲೋಹದ್ದೇ, ಆದರೆ ಅದರಲ್ಲಿ ಸೀಸವಿಲ್ಲ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರದ ಬಾರೋಡೇಲ್ ಎಂಬಲ್ಲಿ ಸಿಕ್ಕ ಶುದ್ಧ ಗ್ರಾಫೈಟನ್ನು ಜನ ಒಂದು ಬಗೆಯ ಕಪ್ಪು ಸೀಸವೆಂದೇ ತಿಳಿದರು. ಅದು ಇಂಗಾಲವೆಂದು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ತೋರಿಸಿದ್ದು 1779ರಲ್ಲಿ. ಹತ್ತು ವರ್ಷಗಳ ಬಳಿಕ ಜರ್ಮನ್ ಭೂವಿಜ್ಞಾನಿ ವರ್ನರ್ ಅದಕ್ಕೆ, ಬರೆಯುವುದು ಎಂಬ ಅರ್ಥದ ಗ್ರೀಕ್ ಪದದಿಂದ ಗ್ರಾಫೈಟ್ ಎಂಬ ಹೆಸರನ್ನು ಕೊಟ್ಟ. ಅಷ್ಟರಲ್ಲಿ ಹಳೆಯ ಹೆಸರು ಗಟ್ಟಿಯಾಗಿ ಕುಳಿತಿತ್ತು. ನಮ್ಮ ಹಿರಿಯರು ಪೆನ್ಸಿಲನ್ನು ‘ಸೀಸದ ಕಡ್ಡಿ’ ಎಂದು ಕರೆದಾಗ ಇಂಗ್ಲಿಷರ ಆ ತಪ್ಪು ತಿಳಿವಳಿಕೆಯೂ ಅನುವಾದವಾಗಿ ಕನ್ನಡಕ್ಕೆ ಬಂದಿತು.

ಇನ್ನು ಎರಡು ಬೇರೆ ಪದಗಳಿಗೆ ಒಂದೇ ಕಾಗುಣಿತ ಏಕೆ ಬಂದಿತು ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದು. ಇಂಗ್ಲಿಷ್ ಕವಿ ಚಾಸರನ ಕಾಲದ, ಅಂದರೆ 14ನೇ ಶತಮಾನದ ಇಂಗ್ಲಿಷ್‌ನಲ್ಲಿ ಕ್ರಿಯಾಪದದ ಸ್ವರವೂ ಲೋಹದ ಸ್ವರವೂ ಬದಲಾಗುತ್ತಾ ಬಂದು ಒಂದೇ ಕಡೆ ಸೇರಿದ್ದವು: ಬಾಯಿಯನ್ನು ಸ್ವಲ್ಪ ಅಗಲವಾಗಿ ತೆರೆದು ಹೇಳುವ ದೀರ್ಘ ಏಕಾರ, ಸುಮಾರಾಗಿ ‘ಲೇಡ್’. ಆ ದೀರ್ಘ ಸ್ವರವನ್ನು ಇ ಮತ್ತು ಎ ಅಕ್ಷರಗಳನ್ನು ಜೋಡಿಸಿ ಬರೆಯುವ ರೂಢಿ ಬಲವಾಯಿತು. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ನಂತರದ ತಲೆಮಾರುಗಳಲ್ಲಿ ಇಂತಹ ರೂಢಿಗಳು ಅಚ್ಚಿನಲ್ಲಿ ಸ್ಥಿರವಾಗುತ್ತಾ ಹೋದವು. ಅಂದಿನ ಕಿವಿಗೆ ಎರಡೂ ಒಂದೇ ಆಗಿದ್ದುದರಿಂದ ಎರಡನ್ನೂ ಒಂದೇ ರೀತಿ ಬರೆದವರು ಯಾವ ತಪ್ಪನ್ನೂ ಮಾಡಲಿಲ್ಲ. ಆಮೇಲೆ ಮಾತು ಮುಂದಕ್ಕೆ ಹೋಯಿತು, ಬರಹ ನಿಂತಲ್ಲೇ ನಿಂತಿತು. ಇಂಗ್ಲಿಷ್‌ನ ದೀರ್ಘ ಸ್ವರಗಳೆಲ್ಲವೂ ಸಾಲಾಗಿ ಸ್ಥಾನ ಬದಲಿಸಿದ ಕಾಲದಲ್ಲಿ ಕ್ರಿಯಾಪದದ ಏಕಾರ ಮೇಲೇರಿ ಈಕಾರವಾಯಿತು. ಲೋಹದ ಏಕಾರ ಮಾತ್ರ ಮೇಲೇರುವ ಮೊದಲೇ ಹ್ರಸ್ವವಾಗಿ ‘ಲೆಡ್’ ಎಂದು ನಿಂತುಬಿಟ್ಟಿತು. ರೊಟ್ಟಿಯ ಬ್ರೆಡ್, ತಲೆಯ ಹೆಡ್, ಸಾವಿನ ಡೆತ್, ಬೆವರಿನ ಸ್ವೆಟ್, ಎಲ್ಲವೂ ಇದೇ ರೀತಿ ಕುಗ್ಗಿದವು, ಮತ್ತು ಎಲ್ಲವೂ ದೀರ್ಘ ಸ್ವರವಿದ್ದ ಕಾಲದ ಕಾಗುಣಿತವನ್ನು ಇಂದಿಗೂ ಹೊತ್ತಿವೆ.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕ್ರಿಯಾಪದದ ಭೂತಕಾಲದ ರೂಪವನ್ನೂ ‘ಲೆಡ್’ ಎಂದೇ ಉಚ್ಚರಿಸಬೇಕು, ಆದರೆ ಅದನ್ನು ಬರೆಯುವುದು ಮೂರೇ ಅಕ್ಷರಗಳಲ್ಲಿ, ಎ ಇಲ್ಲದೆ. ಓದು ಎಂಬ ಅರ್ಥದ ‘ರೀಡ್’ ಪದದಲ್ಲಿ ಭೂತಕಾಲಕ್ಕೆ ಉಚ್ಚಾರ ‘ರೆಡ್’ ಆದರೂ ಕಾಗುಣಿತ ಬದಲಾಗುವುದಿಲ್ಲವಾದ್ದರಿಂದ, ಅದೇ ಮಾದರಿಯನ್ನು ಹಿಡಿದು ವಿದ್ಯಾರ್ಥಿಗಳು ಇಲ್ಲಿಯೂ ನಾಲ್ಕು ಅಕ್ಷರ ಬರೆಯುತ್ತಾರೆ, ಮತ್ತು ಇಂಗ್ಲಿಷೇ ಮನೆಮಾತಾಗಿರುವವರೂ ಇದೇ ತಪ್ಪನ್ನು ಧಾರಾಳವಾಗಿ ಮಾಡುತ್ತಾರೆ. ದಾರಿ ತಪ್ಪಿಸಿದರು ಎಂಬ ಅರ್ಥದ ‘ಮಿಸ್‌ಲೆಡ್’ ಪದವನ್ನು ‘ಮೈಸಲ್ಡ್’ ಎಂದು ಓದಿದವರು ನನ್ನ ತರಗತಿಯಲ್ಲಿ ಒಬ್ಬಿಬ್ಬರಲ್ಲ. ಆ ಪದ ತನ್ನ ಹೆಸರಿಗೆ ತಕ್ಕಂತೆಯೇ ನಡೆದುಕೊಳ್ಳುತ್ತದೆ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ನಮಗೆ ಈ ಗೋಜಲಿಲ್ಲ ಎಂದು ಹೆಮ್ಮೆಪಡುವುದು ಸುಲಭ. ಆದರೆ ಪದಗಳು ಹೀಗೆ ಒಂದರ ಮೇಲೊಂದು ಬಂದು ಕೂರುವುದು ನಮ್ಮಲ್ಲಿಯೂ ನಡೆದಿದೆ. ಹಳಗನ್ನಡದಲ್ಲಿ ಜೀವಿಸು ಎಂಬುದು ‘ಬಾೞ್’, ಕತ್ತಿ ಎಂಬುದು ‘ಬಾಳ್’. ತಿಳಿ ಎಂಬುದು ‘ಅಱಿ’, ಕತ್ತರಿಸು ಎಂಬುದು ‘ಅರಿ’. ೞ ಮತ್ತು ಱ ಧ್ವನಿಗಳು ಮಾತಿನಿಂದ ಮರೆಯಾದವು, ಸ್ವಲ್ಪ ಕಾಲದ ಮೇಲೆ ಆ ಅಕ್ಷರಗಳೂ ಬರಹದಿಂದ ಮರೆಯಾದವು. 13ನೇ ಶತಮಾನದ ಹೊತ್ತಿಗೆ ಯಾವ ಪದದಲ್ಲಿ ೞ ಬರಬೇಕೆಂಬುದನ್ನು ವೈಯಾಕರಣಿ ಕೇಶಿರಾಜನೇ ಪಟ್ಟಿ ಮಾಡಿ ಹೇಳಬೇಕಾಯಿತು. ನಮ್ಮಲ್ಲಿ ಎರಡು ಧ್ವನಿಗಳು ಒಂದಾದಾಗ ಲಿಪಿಯೂ ಹಿಂದೆಯೇ ಹೋಗಿ ಒಂದಾಯಿತು. ಇಂಗ್ಲಿಷ್‌ನಲ್ಲಿ ಒಂದಾಗಿದ್ದ ಧ್ವನಿ ಮತ್ತೆ ಎರಡಾದಾಗ ಲಿಪಿ ಹಿಂಬಾಲಿಸಲಿಲ್ಲ. ಇದನ್ನು ಪಾಠ ಮಾಡುತ್ತಿದ್ದಾಗ ಕೆಜಿಎಫ್‌ನ ಮಾರಿಕುಪ್ಪಂ ಕಡೆಯಿಂದ ರೈಲಿನಲ್ಲಿ ಬರುವ, ಮನೆಮಾತು ತಮಿಳಾಗಿರುವ ಒಬ್ಬ ಹುಡುಗಿ, “ಸಾರ್, ನಮ್ಮ ಮನೇಲಿ ಆ ಎರಡನ್ನೂ ಈಗಲೂ ಬೇರೆ ಬೇರೆಯಾಗೇ ಹೇಳ್ತೀವಿ” ಎಂದು ಹೇಳಿ, ಬದುಕು ಎಂಬುದನ್ನು ‘ವಾೞ್’ ಎಂದೂ ಕತ್ತಿ ಎಂಬುದನ್ನು ‘ವಾಳ್’ ಎಂದೂ ಉಚ್ಚರಿಸಿ ತೋರಿಸಿದಳು. ಅರ್ಧ ಗಂಟೆ ನಾನು ವಿವರಿಸಿದ್ದು ಇಡೀ ತರಗತಿಗೆ ಆ ಎರಡು ಪದಗಳಲ್ಲಿ ಕೇಳಿಸಿತು.

ಇಂಗ್ಲಿಷ್‌ನ ಇಂತಹ ಎಲ್ಲ ಜೋಡಿಗಳ ಹಿಂದೆಯೂ ಇದೇ ಕಥೆಯಿದೆ ಎಂದು ತಿಳಿಯಬಾರದು. ಕಣ್ಣೀರಿನ ‘ಟಿಯರ್’ ಮತ್ತು ಬಟ್ಟೆ ಹರಿಯುವ ‘ಟೇರ್’ ಲೀಡ್–ಲೆಡ್‌ನಂತೆ ಬೇರೆ ಮೂಲದವು. ಆದರೆ ಗಡಿಯಾರದ ‘ಮಿನಿಟ್’ ಮತ್ತು ಅತಿ ಸೂಕ್ಷ್ಮ ಎಂಬ ಅರ್ಥದ ‘ಮೈನ್ಯೂಟ್’ ಎರಡೂ ಸಣ್ಣದು ಎಂಬ ಅರ್ಥದ ಒಂದೇ ಲ್ಯಾಟಿನ್ ಪದದಿಂದ ಬಂದವು: ಗಂಟೆಯನ್ನು ಅರುವತ್ತರಿಂದ ಮೊದಲ ಬಾರಿ ಭಾಗಿಸಿದ ಸಣ್ಣ ಭಾಗ ಮಿನಿಟ್, ಎರಡನೆಯ ಬಾರಿ ಭಾಗಿಸಿದ್ದು ಸೆಕೆಂಡ್. ‘ರೆಕಾರ್ಡ್’ನಂತಹ ಪದಗಳಲ್ಲಿ ಪದ ಒಂದೇ, ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ. ನಾವು ಎರಡಕ್ಕೂ ‘ರೆಕಾರ್ಡು’ ಎಂದುಕೊಂಡು ನೆಮ್ಮದಿಯಾಗಿದ್ದೇವೆ.

ಪ್ರಯೋಗಾಲಯದ ಹುಡುಗನಿಗೆ ನಾನು ಹೇಳಿಕೊಟ್ಟದ್ದು ನಿಯಮವಲ್ಲ, ನೆರೆಹೊರೆ ನೋಡುವ ಅಭ್ಯಾಸ. ಪಕ್ಕದಲ್ಲಿ ನೈಟ್ರೇಟ್, ಆಕ್ಸೈಡ್, ಪೈಪ್, ಪೇಂಟ್, ಯುಪಿಎಸ್ ಅಂಗಡಿಯ ‘ಆಸಿಡ್ ಬ್ಯಾಟರಿ’, ಹೀಗೆ ಯಾವುದಾದರೂ ವಸ್ತುವಿನ ಹೆಸರಿದ್ದರೆ ಅದು ಲೆಡ್. ಮುಂದಿರುವುದು, ಮುಂದೆ ಕೊಂಡೊಯ್ಯುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುವುದು ಇದ್ದರೆ ಅದು ಲೀಡ್. ಆದ್ದರಿಂದ ಇಸಿಜಿ ಯಂತ್ರದ ತಂತಿಗಳು ಲೋಹದವಾದರೂ ಅವು ಲೀಡ್‌ಗಳೇ, ಲೆಡ್‌ಗಳಲ್ಲ. ಈ ಅಭ್ಯಾಸ ದೊಡ್ಡವರಿಗೂ ಬೇಕಾಗುತ್ತದೆ. 2000ನೇ ಇಸವಿಯ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಕಡ್ಡಾಯವಾಗುವ ಹೊತ್ತಿನಲ್ಲಿ ಬೆಂಗಳೂರು–ಕೋಲಾರ ಹೆದ್ದಾರಿಯ ಬಂಕುಗಳಲ್ಲಿ ‘ಅನ್‌ಲೀಡೆಡ್’ ಎಂಬ ಪದವನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಊರಿನ ಡಿಟಿಪಿ ಕೇಂದ್ರಗಳಲ್ಲಿ ಸಾಲುಗಳ ನಡುವಿನ ಅಂತರವನ್ನು ಇಂದಿಗೂ ‘ಲೀಡಿಂಗ್’ ಎನ್ನುತ್ತಾರೆ. ಅದು ‘ಲೆಡಿಂಗ್’, ಏಕೆಂದರೆ ಅಚ್ಚುಮೊಳೆಗಳ ಕಾಲದಲ್ಲಿ ಸಾಲುಗಳ ನಡುವೆ ಇಡುತ್ತಿದ್ದುದು ಸೀಸದ ತೆಳು ಪಟ್ಟಿಗಳನ್ನು. ಸುದ್ದಿಯ ಮೊದಲ ವಾಕ್ಯವನ್ನು ‘ಲೀಡ್’ ಎನ್ನುವ ಅಮೆರಿಕದ ಪತ್ರಕರ್ತರಂತೂ ಈ ಗೊಂದಲವನ್ನು ತಪ್ಪಿಸಲು ಅದರ ಕಾಗುಣಿತವನ್ನೇ ಬದಲಿಸಿಕೊಂಡರು: ಎಲ್, ಇ, ಡಿ, ಇ.

ಅವರಿಗೆ ಆ ಸ್ವಾತಂತ್ರ್ಯವಿರುವಾಗ ನಮ್ಮ ಮಕ್ಕಳಿಗೆ ಕನ್ನಡ ಲಿಪಿಯಿದೆ. ಆ ಲಿಪಿಯಲ್ಲಿ ಬರೆದ ಕೂಡಲೇ ಲೀಡ್ ಬೇರೆ, ಲೆಡ್ ಬೇರೆ. ಈ ವರ್ಷ ಹುಡುಗರು ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ ಇಂಗ್ಲಿಷ್ ಹೆಸರಿನ ತಲೆಯ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ‘ಲೆಡ್’ ಎಂದು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಮೊದಮೊದಲು ಅದನ್ನು ಅಳಿಸಿ ತನ್ನಿ ಎನ್ನುತ್ತಿದ್ದ ನನ್ನ ಸಹೋದ್ಯೋಗಿ ಈಗ ಹಾಗೆಯೇ ಸಹಿ ಹಾಕುತ್ತಾರೆ.