ಮಾಮೂಲಿ ಸಿಡಿಗೆ 5.1 ಹಾಡು ಹಾಕಬಹುದಾ ಸಾರ್?

ಪ್ರಶ್ನೆ: ಮನೆಯಲ್ಲಿ 5.1 ಹೋಮ್ ಥಿಯೇಟರ್ ಇದೆ. ಖಾಲಿ ಸಿಡಿಗೆ 5.1 ಹಾಡು ರೈಟ್ ಮಾಡಬಹುದಾ ಸಾರ್, ಅಥವಾ ಡಿವಿಡಿನೇ ಬೇಕಾ?

ಮಾಡಬಹುದು. ಅದೇ 700 ಎಂಬಿ ಸಿಡಿ ಸಾಕು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಆಡಿಯೋ ಸಿಡಿಯಲ್ಲಿ ಇರುವುದು ಎರಡೇ ಚಾನೆಲ್, ಅಂದರೆ ಎಡ, ಬಲ ಅಂತ ಸದ್ದಿನ ಎರಡು ಎಳೆ. ಒಂದೊಂದಕ್ಕೂ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ), ಒಂದು ಸ್ಯಾಂಪಲ್ಲಿಗೆ 16 ಬಿಟ್. ಒಟ್ಟು ಸೆಕೆಂಡಿಗೆ 14,11,200 ಬಿಟ್. 5.1 ಅಂದರೆ ಆರು ಚಾನೆಲ್: ಮುಂದೆ ಎಡ, ಸೆಂಟರ್, ಬಲ, ಹಿಂದೆ ಎಡ, ಬಲ, ಜೊತೆಗೆ ಬೇಸಿಗೆ ಸಬ್‌ವೂಫರ್. ಈ ಆರನ್ನು ಹೀಗೇ ಹಾಕಲು ಹೋದರೆ 42,33,600 ಬಿಟ್ ಬೇಕು. ಹಿಡಿಸುವುದಿಲ್ಲ. ಅದಕ್ಕೇ ಡಿಟಿಎಸ್ ಎನ್ನುವ ಪದ್ಧತಿಯ ಎನ್‌ಕೋಡರ್ (ಸೌಂಡನ್ನು ಕಿರಿದು ಮಾಡುವ ಸಾಫ್ಟ್‌ವೇರ್) ಆರನ್ನೂ ಒತ್ತಿ ಸೆಕೆಂಡಿಗೆ 12,34,800 ಬಿಟ್ಟಿಗೆ ಇಳಿಸಿ, ಅದಕ್ಕೆ ಎರಡು ಚಾನೆಲ್ಲಿನ ವೇವ್ ಫೈಲಿನ ವೇಷ ಹಾಕುತ್ತದೆ. ಸಿಡಿ ಪ್ಲೇಯರಿಗೆ ಇದು ಗೊತ್ತೇ ಆಗುವುದಿಲ್ಲ. ಯಾವುದೋ ಹಾಡು ಅಂದುಕೊಂಡು ಬಿಟ್‌ಗಳನ್ನು ಮುಂದಕ್ಕೆ ದಾಟಿಸುತ್ತದೆ. ವೇಷ ಕಳಚಿ ಮತ್ತೆ ಆರು ಚಾನೆಲ್ ಮಾಡುವುದು ಆಂಪಿನ (ಆಂಪ್ಲಿಫೈಯರಿನ) ಒಳಗಿನ ಡಿಟಿಎಸ್ ಡಿಕೋಡರ್. ಪ್ಲೇಯರಿಗೆ ಇದು ಮಾಮೂಲಿ ಆಡಿಯೋ ಸಿಡಿಯೇ ಆದ್ದರಿಂದ 80 ನಿಮಿಷದ ಸಿಡಿ 80 ನಿಮಿಷವೇ ಓಡುತ್ತದೆ.

ಈಗ ನನ್ನ ತಲೆ ತಿನ್ನುವ ವಿಷಯಕ್ಕೆ ಬರುತ್ತೇನೆ. "ನಮ್ಮಲ್ಲಿ ಎಂಪಿ3 ಹಾಕಿದರೂ ಆರೂ ಸ್ಪೀಕರ್ ಹಾಡುತ್ತವೆ. ಅಂದಮೇಲೆ ಅದು 5.1 ತಾನೇ?"

ಅಲ್ಲ. ಖಂಡಿತ ಅಲ್ಲ.

ನಿಮ್ಮ ಸೆಟ್ಟಿನ ಹಿಂದೆ ನೋಡಿ. ಪ್ಲೇಯರಿನಿಂದ ಕೆಂಪು, ಬಿಳಿ ಎರಡು ಪಿನ್ ಬಂದಿವೆ, ಅಲ್ವಾ? ಎರಡು ತಂತಿಯಲ್ಲಿ ಬಂದದ್ದು ಎರಡೇ ಚಾನೆಲ್. ಎಡದ್ದನ್ನು ಮುಂದಿನ ಎಡಕ್ಕೂ ಹಿಂದಿನ ಎಡಕ್ಕೂ ಕೊಡುತ್ತಾರೆ. ಬಲದ್ದೂ ಹಾಗೇ. ಎರಡನ್ನೂ ಕೂಡಿಸಿ ಸೆಂಟರಿಗೆ, ಅದರಲ್ಲಿನ ಬೇಸ್ ಮಾತ್ರ ಸೋಸಿ ಸಬ್‌ವೂಫರಿಗೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬೋರ್ಡ್ ತಂದು ಆಂಪ್ ಜೋಡಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಂಬಿಕೆ ಬರಲಿಲ್ಲವಾ? ವಾಲ್ಯೂಮ್ ಪೂರ್ತಿ ಇಳಿಸಿ, ಬಿಳಿ ಪಿನ್ ಕಿತ್ತು, ಮತ್ತೆ ಸ್ವಲ್ಪ ಏರಿಸಿ. ಎಡಗಡೆ ಹಿಂದೆ ಮುಂದೆ ಎರಡೂ ಸ್ಪೀಕರ್ ಒಟ್ಟಿಗೆ ಬಾಯಿ ಮುಚ್ಚಿದರೆ ನಿಮ್ಮ ಹತ್ತಿರ ಇರುವುದು ಸ್ಟೀರಿಯೋ. ಆರು ಬಾಯಿಯ ಸ್ಟೀರಿಯೋ.

ಡಾಲ್ಬಿ ಪ್ರೊಲಾಜಿಕ್ ಇರುವ ಆಂಪ್‌ಗಳು ಸ್ವಲ್ಪ ಬುದ್ಧಿವಂತಿಕೆ ತೋರಿಸುತ್ತವೆ, ನಿಜ. ಎಡ ಬಲಗಳ ವ್ಯತ್ಯಾಸ ನೋಡಿ ಹಿಂದಕ್ಕೆ ಏನು ಹೋಗಬೇಕು ಅಂತ ಲೆಕ್ಕ ಹಾಕುತ್ತವೆ. ಮೊದಲೇ ಅದಕ್ಕೆಂದು ಮಿಕ್ಸ್ ಮಾಡಿದ ಸೌಂಡ್ ಆದರೆ ಚೆನ್ನಾಗಿಯೇ ಕೇಳುತ್ತದೆ. ಮಾಮೂಲಿ ಹಾಡಿಗೆ ಅದು ಬರೀ ಊಹೆ. "ಎಂಪಿ3 ಅನ್ನು 5.1 ಮಾಡುವ ಸಾಫ್ಟ್‌ವೇರ್" ಕಥೆಯೂ ಇದೇ. ಬಿಸಿಬೇಳೆಬಾತ್ ಕಲಸಿ ಆದಮೇಲೆ ಬೇಳೆ ಬೇರೆ, ಹುಣಸೆಹುಳಿ ಬೇರೆ ಮಾಡಿ ಕೊಡಿ ಅಂದ ಹಾಗೆ. ಈಗ ಎಐ ಬಂದು ಗಾಯಕರ ದನಿ, ತಬಲಾ ಎಲ್ಲ ಸಾಕಷ್ಟು ಬಿಡಿಸುತ್ತದೆ. ಆದರೂ ಕೊಳಲು ಹಿಂದಿನ ಎಡ ಸ್ಪೀಕರಿನಿಂದ ಬರಬೇಕು ಅಂತ ತೀರ್ಮಾನ ಮಾಡಬೇಕಾದವರು ಮಿಕ್ಸ್ ಮಾಡುವವರು. ಅವರು ಮಾಡದೇ ಇದ್ದರೆ ಆ ತೀರ್ಮಾನ ಫೈಲಿನಲ್ಲಿ ಎಲ್ಲಿಂದ ಬರಬೇಕು?

ಹಾಗಾಗಿ ಮೊದಲು ಬೇಕಾದದ್ದು ನಿಜವಾದ ಆರು ಚಾನೆಲ್ಲಿನ ಮೂಲ. ಡಿವಿಡಿಯಲ್ಲಿ ಇರುವುದು 48,000 ಸ್ಯಾಂಪಲ್ಲಿನದು, ಸಿಡಿಗೆ ನೇರ ಹಾಕಲು ಬರುವುದಿಲ್ಲ. ಬಿಡಿಸಿ, 44,100ಕ್ಕೆ ಇಳಿಸಿ, ಮತ್ತೆ ಡಿಟಿಎಸ್ ಮಾಡಬೇಕು. ಬಂದ ವೇವ್ ಫೈಲನ್ನು ಡೇಟಾ ಸಿಡಿ ಆಗಿ ಅಲ್ಲ, ಆಡಿಯೋ ಸಿಡಿ ಆಗಿ ರೈಟ್ ಮಾಡಿ. ನಾರ್ಮಲೈಸ್ (ಹಾಡುಗಳ ವಾಲ್ಯೂಮ್ ಸಮ ಮಾಡುವುದು) ಅನ್ನುವ ಟಿಕ್ ಇದ್ದರೆ ತೆಗೆಯಿರಿ. ಪ್ಲೇಯರಿನಿಂದ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಡಿಜಿಟಲ್ ಕೇಬಲ್ಲಿನಲ್ಲೇ ಆಂಪಿಗೆ ಕೊಡಿ. ಕಂಪ್ಯೂಟರಿನಿಂದ ಕೇಳುವುದಾದರೆ ಅಲ್ಲಿ ವಾಲ್ಯೂಮ್ 100ಕ್ಕೆ ಇಟ್ಟು ಈಕ್ವಲೈಸರ್ ಆಫ್ ಮಾಡಿ. ದಾರಿಯಲ್ಲಿ ಬಿಟ್ ಬದಲಾದರೆ ಡಿಕೋಡರಿಗೆ ಗುರುತು ಸಿಗುವುದಿಲ್ಲ.

ಆಗ ಏನು ಕೇಳುತ್ತದೆ? ತಗಡಿನ ಶೀಟಿನ ಮೇಲೆ ಜಡಿಮಳೆ ಬಿದ್ದ ಹಾಗೆ ಬರೀ "ಸ್‌ಸ್‌ಸ್". ಸಿಡಿ ಕೆಟ್ಟಿದೆ ಅಂತ ನಾನೇ ಮೊದಲ ಸಲ ಒಂದನ್ನು ಎಸೆದಿದ್ದೆ. ಕೆಟ್ಟಿರಲಿಲ್ಲ, ಕೆಂಪು ಬಿಳಿ ಪಿನ್ನಿನಲ್ಲಿ ಕೇಳುತ್ತಿದ್ದೆ. ಆ ಸದ್ದು ಸ್ಪೀಕರಿಗೆ ಒಳ್ಳೆಯದಲ್ಲ, ಮೊದಲ ಸಲ ವಾಲ್ಯೂಮ್ ಇಳಿಸಿಯೇ ಹಾಕಿ. ಡಿಟಿಎಸ್‌ನವರಿಗೂ ಈ ಭಯ ಇತ್ತು ಅಂತ ಕಾಣುತ್ತದೆ. 16 ಬಿಟ್ಟಿನಲ್ಲಿ 14 ಮಾತ್ರ ಬಳಸುವ ಪದ್ಧತಿ ಅದಕ್ಕೇ. ಅಪ್ಪಿತಪ್ಪಿ ಸದ್ದು ಹೊರಬಂದರೂ ಅದರ ಎತ್ತರ ಕಾಲು ಭಾಗಕ್ಕೆ ಇಳಿದಿರುತ್ತದೆ.

ಯಾರೂ ಕೇಳಲಿಲ್ಲ, ಆದರೂ ಒಂದು ಹೇಳಬೇಕು. ನಮ್ಮಲ್ಲಿ "ಡಿಟಿಎಸ್" ಅಂದರೆ ಥಿಯೇಟರಿನ ಎದೆ ನಡುಗಿಸುವ ಸೌಂಡ್. ಆ ಸೌಂಡ್ ಫಿಲ್ಮಿನ ಮೇಲೆ ಇರುತ್ತಿತ್ತು ಅಂತ ಬಹಳ ಜನ ತಿಳಿದಿದ್ದಾರೆ. 1993ರಲ್ಲಿ 'ಜುರಾಸಿಕ್ ಪಾರ್ಕ್' ಚಿತ್ರದಿಂದ ಶುರುವಾದ ಆ ವ್ಯವಸ್ಥೆಯಲ್ಲಿ ಫಿಲ್ಮಿನ ಮೇಲೆ ಡಿಟಿಎಸ್‌ನದು ಅಂತ ಇದ್ದದ್ದು ಸಣ್ಣ ಗೆರೆಗಳ ಟೈಮ್‌ಕೋಡ್ (ಚಿತ್ರ ಎಲ್ಲಿ ಓಡುತ್ತಿದೆ ಅನ್ನುವ ಗುರುತು) ಮಾತ್ರ. ಸೌಂಡ್ ಬರುತ್ತಿದ್ದುದು ಪ್ರೊಜೆಕ್ಟರ್ ರೂಮಿನಲ್ಲಿದ್ದ ಸಿಡಿಯಿಂದ! ಅದು ಕಂಪ್ಯೂಟರಿನ ಸಿಡಿ-ರಾಮ್, ಸೌಂಡನ್ನು ಒತ್ತಿ ಕಿರಿದು ಮಾಡುವ ವಿಧಾನವೂ ಬೇರೆ. ಆದರೆ ತಟ್ಟೆ ಅದೇ ಜಾತಿ. ರೀಲ್ ತುಂಡಾಗಿ ಆಪರೇಟರ್ ಕತ್ತರಿಸಿ ಅಂಟಿಸಿದರೂ, ಟೈಮ್‌ಕೋಡ್ ಓದಿ ಸಿಡಿ ಸರಿಯಾದ ಜಾಗಕ್ಕೆ ಹಾರುತ್ತಿತ್ತು. ಸಿಡಿಯೇ ಕೈಕೊಟ್ಟರೆ ಫಿಲ್ಮಿನ ಅಂಚಿನಲ್ಲೇ ಇದ್ದ ಹಳೇ ಪದ್ಧತಿಯ ಆಪ್ಟಿಕಲ್ ಸೌಂಡ್ ಟ್ರ್ಯಾಕಿಗೆ ತಾನೇ ಬದಲಾಗುತ್ತಿತ್ತು. ಕೆಳಗೆ ಕೂತ ನಾವು "ಯಾಕೋ ಸೌಂಡ್ ಸಪ್ಪೆ ಆಯ್ತಲ್ಲ" ಅಂತ ಪಕ್ಕದವರ ಮುಖ ನೋಡುತ್ತಿದ್ದೆವು.