ಪಾಠ ಆನ್‌ಲೈನ್, ಆ 750 ಗಂಟೆ ಆನ್‌ಲೈನ್ ಅಲ್ಲ

"ಅಕ್ಕ, ಈ ಸ್ಕೂಲು ಚೆನ್ನಾಗಿದೆಯಾ? ಪೂರ್ತಿ ಆನ್‌ಲೈನ್ ಅಂತೆ."

ಇಂಥ ಫೋನ್ ನನಗೆ ತಿಂಗಳಿಗೆ ಒಂದಾದರೂ ಬರುತ್ತದೆ. ಹೋದ ವಾರ ಮಾಡಿದವಳು ಶಿವಮೊಗ್ಗದ ಕಡೆಯವಳು. ಡಾಲಸ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್, ನೈಟ್ ಡ್ಯೂಟಿ, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ನರ್ಸ್ ಪ್ರಾಕ್ಟೀಷನರ್ ಆಗಲು ಓದಬೇಕು ಅಂತಿದ್ದಾಳೆ. ಬೆಳಿಗ್ಗೆ ಡ್ಯೂಟಿ ಮುಗಿಸಿ ಕಾರಿನಲ್ಲೇ ಕೂತು ಮಾತಾಡುತ್ತಿದ್ದಳು. ನಾನು ಹ್ಯೂಸ್ಟನ್‌ನಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್. ಹಾಸನದಿಂದ ಬಂದವಳು. ನಾನೂ ಆಸ್ಪತ್ರೆ ಕೆಲಸ ಬಿಡದೆ ಆನ್‌ಲೈನ್‌ನಲ್ಲೇ ಓದಿದ್ದು. ಈಗ ನನ್ನ ಕೈಕೆಳಗೆ ಕಲಿಯಲು ವಿದ್ಯಾರ್ಥಿಗಳು ಬರುತ್ತಾರೆ. ಹಾಗಾಗಿ ಎರಡೂ ಕಡೆಯ ಪಾಡು ಗೊತ್ತು.

"ಪ್ರಿಸೆಪ್ಟರನ್ನು ಸ್ಕೂಲಿನವರು ಹುಡುಕಿ ಕೊಡ್ತಾರಾ, ನೀನೇ ಹುಡುಕಬೇಕಾ?" ಅಂತ ಕೇಳಿದೆ. ಪ್ರಿಸೆಪ್ಟರ್ ಅಂದರೆ ಕ್ಲಿನಿಕ್‌ನಲ್ಲಿ ವಿದ್ಯಾರ್ಥಿಯನ್ನು ಜೊತೆಗಿಟ್ಟುಕೊಂಡು ಕೆಲಸ ಕಲಿಸುವ ಗುರು.

"ಅದು ಕೇಳಿಲ್ಲ ಅಕ್ಕ. ಫೀಸು ಕೇಳಿದೆ."

ಎಲ್ಲರೂ ಫೀಸನ್ನೇ ಕೇಳುತ್ತಾರೆ. ನಾನೂ ಅದನ್ನೇ ಕೇಳಿದ್ದೆ.

ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು. ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್, ಅಂದರೆ ಎನ್‌ಪಿ, ರೋಗಿಯನ್ನು ಪರೀಕ್ಷೆ ಮಾಡಿ, ಟೆಸ್ಟ್ ಬರೆದು, ಕಾಯಿಲೆ ಗುರುತಿಸಿ, ಔಷಧಿ ಬರೆದುಕೊಡುವ ನರ್ಸ್. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಇದನ್ನು ಶುರು ಮಾಡಿದರು. ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್, ಲೈಸೆನ್ಸ್ ಇರುವವರು ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಮುಗಿಸಿ, ರಾಷ್ಟ್ರಮಟ್ಟದ ಸರ್ಟಿಫಿಕೇಷನ್ ಪರೀಕ್ಷೆ ಪಾಸಾಗಿ ಎನ್‌ಪಿ ಆಗುತ್ತಾರೆ. ಡಾಕ್ಟರೇಟ್ ಕಡ್ಡಾಯ ಆಗುತ್ತದಂತೆ ಅಂತ ಇಪ್ಪತ್ತು ವರ್ಷದಿಂದ ಸುದ್ದಿ ಇದೆ. ಮಾಸ್ಟರ್ಸ್ ಮಾಡಿದವರು ಇವತ್ತಿಗೂ ಪರೀಕ್ಷೆ ಬರೆಯುತ್ತಿದ್ದಾರೆ. ಆ ಹೆದರಿಕೆಗೆ ಎರಡು ವರ್ಷದ ಫೀಸು ಜಾಸ್ತಿ ಕಟ್ಟಬೇಡಿ.

ಈಗ ಲೆಕ್ಕಕ್ಕೆ ಬರೋಣ. ನಾನು ಓದುವಾಗ ರೋಗಿಗಳ ಜೊತೆ ಕನಿಷ್ಠ 500 ಗಂಟೆ ಕಳೆಯಬೇಕಿತ್ತು. ಇದಕ್ಕೆ ಕ್ಲಿನಿಕಲ್ಸ್ ಅನ್ನುತ್ತಾರೆ. 2022ರ ರಾಷ್ಟ್ರೀಯ ಮಾನದಂಡ ಅದನ್ನು 750ಕ್ಕೆ ಏರಿಸಿತು. ದಿನಕ್ಕೆ ಎಂಟು ಗಂಟೆಯಂತೆ 94 ದಿನ. ವಾರಕ್ಕೆ ಎರಡು ದಿನ ಹೋದರೆ 47 ವಾರ. ಮಧ್ಯೆ ಮಗುವಿಗೆ ಜ್ವರ ಬಂದರೆ, ಪ್ರಿಸೆಪ್ಟರ್ ರಜೆ ಹಾಕಿದರೆ, ವರ್ಷ ದಾಟುತ್ತದೆ. ಇದರ ಜೊತೆಗೆ ನಿಮ್ಮ ಹನ್ನೆರಡು ಗಂಟೆಯ ಮೂರು ಶಿಫ್ಟ್ ಇದ್ದೇ ಇದೆ. 36 ಮತ್ತು 16, ವಾರಕ್ಕೆ 52 ಗಂಟೆ ಆಯಿತು. ಇನ್ನೂ ಪುಸ್ತಕ ತೆರೆದಿಲ್ಲ.

ಇನ್ನೊಂದು ತೊಡಕು. ಕ್ಲಿನಿಕ್‌ಗಳು ಸಾಮಾನ್ಯವಾಗಿ ತೆರೆದಿರುವುದು ಸೋಮವಾರದಿಂದ ಶುಕ್ರವಾರ, ಹಗಲು ಹೊತ್ತು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಕ್ಲಿನಿಕಲ್ಸ್‌ಗೆ ಹೋಗುತ್ತೇನೆ ಅನ್ನುವವರನ್ನು ನಾನು ನೋಡಿದ್ದೇನೆ. ಹಾಗೆ ಬಂದ ಒಬ್ಬ ಹುಡುಗನನ್ನು ಹತ್ತು ಗಂಟೆಗೆ ಮನೆಗೆ ಕಳಿಸಿದೆ. ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ ತೂಕಡಿಸುತ್ತಿದ್ದ. ಸೇರುವ ಮೊದಲೇ ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡಿ. ಕೊನೆಯ ವರ್ಷಕ್ಕೆ ವೀಕೆಂಡ್ ಶಿಫ್ಟ್ ಸಿಗುತ್ತದಾ, ಪಾರ್ಟ್ ಟೈಮ್ ಆದರೆ ಇನ್ಶೂರೆನ್ಸ್ ಉಳಿಯುತ್ತದಾ, ಕೇಳಿಕೊಳ್ಳಿ.

ನನ್ನ ಕಥೆ ಹೇಳುತ್ತೇನೆ. ನಾನು ಸೇರಿದ ಸ್ಕೂಲಿನ ಹೆಸರು ಬೇಡ. ಪಾಠ ಚೆನ್ನಾಗಿಯೇ ಇತ್ತು. ಮೊದಲ ವರ್ಷ ಫಾರ್ಮಕಾಲಜಿ, ಪ್ಯಾಥೋಫಿಸಿಯಾಲಜಿ ಎಲ್ಲ ಅಡುಗೆಮನೆ ಟೇಬಲ್ ಮೇಲೆ ಸಲೀಸಾಗಿ ಆಯಿತು. ಎರಡನೇ ವರ್ಷದ ಹೊತ್ತಿಗೆ ಒಂದು ಇಮೇಲ್ ಬಂತು. ಪ್ರಿಸೆಪ್ಟರನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು, ಇಂಥ ತಾರೀಖಿನೊಳಗೆ ಅವರ ಸಹಿ ತಲುಪಿಸಬೇಕು ಅಂತ. ಸೇರುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹ್ಯಾಂಡ್‌ಬುಕ್‌ನಲ್ಲಿ ಎಲ್ಲೋ ಇತ್ತಂತೆ.

ಆಮೇಲಿನ ಎರಡು ತಿಂಗಳು ನನ್ನ ಬೆಳಗುಗಳೆಲ್ಲ ಆಸ್ಪತ್ರೆಯ ಪಾರ್ಕಿಂಗ್‌ನಲ್ಲೇ ಕಳೆದವು. ನೋಟ್‌ಬುಕ್‌ನಲ್ಲಿ ನಲವತ್ತೊಂದು ಕ್ಲಿನಿಕ್‌ಗಳ ಪಟ್ಟಿ. ಫೋನ್ ಮಾಡುವುದು, ಹೊಡೆದು ಹಾಕುವುದು. "ಫ್ಯಾಕ್ಸ್ ಕಳಿಸಿ" ಅನ್ನುವವರು, "ನಾವು ವಿದ್ಯಾರ್ಥಿಗಳನ್ನು ತಗೊಳ್ಳಲ್ಲ" ಅನ್ನುವವರು. ದುಡ್ಡು ತಗೊಂಡು ಪ್ರಿಸೆಪ್ಟರ್ ಹುಡುಕಿಕೊಡುವ ಏಜೆನ್ಸಿಗಳೂ ಇವೆ. ಸಾವಿರಗಟ್ಟಲೆ ಡಾಲರ್. ನನ್ನ ಕೈಲಿ ಅಷ್ಟು ಇರಲಿಲ್ಲ. ಕೊನೆಗೆ ಊರಿನಿಂದ ಅಮ್ಮ ಕಳಿಸಿದ್ದ ಕೋಡುಬಳೆ ಡಬ್ಬ ಹಿಡಿದು ಒಂದು ಚಿಕ್ಕ ಕ್ಲಿನಿಕ್‌ಗೆ ನೇರವಾಗಿ ಹೋದೆ. ಫ್ರಂಟ್ ಡೆಸ್ಕಿನ ಹೆಂಗಸು ಒಂದು ಕೋಡುಬಳೆ ಕಡಿದು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಒಳಗೆ ಹೋಗಿ ಎನ್‌ಪಿಯನ್ನು ಕರೆತಂದರು. ಅವರೇ ನನ್ನ ಗುರು ಆದರು. ಅಷ್ಟರಲ್ಲಿ ಸ್ಕೂಲಿನ ತಾರೀಖು ದಾಟಿತ್ತು, ಒಂದು ಸೆಮಿಸ್ಟರ್ ಹೋಯಿತು.

ಅದಕ್ಕೇ ಪ್ರಿಸೆಪ್ಟರ್ ಪ್ರಶ್ನೆ ಮೊದಲು. "ಸಹಾಯ ಮಾಡುತ್ತೇವೆ" ಅಂದರೆ ನಂಬಬೇಡಿ, ಅದು ಒಂದು ಹಳೇ ಪಟ್ಟಿ ಇಮೇಲ್ ಮಾಡುವುದೂ ಆಗಿರಬಹುದು. ಮನೆಯಿಂದ ಎಷ್ಟು ಮೈಲಿ ಒಳಗೆ ಕೊಡುತ್ತೀರಿ, ಕೊಡಲಾಗದಿದ್ದರೆ ಆ ಸೆಮಿಸ್ಟರ್ ಫೀಸು ಏನಾಗುತ್ತದೆ ಅಂತ ಬರಹದಲ್ಲಿ ಉತ್ತರ ತಗೊಳ್ಳಿ. ಈಗ ಓದುತ್ತಿರುವ ಇಬ್ಬರ ಜೊತೆ ಮಾತಾಡಿಸಿ ಅಂತಲೂ ಕೇಳಿ. ಅಡ್ಮಿಷನ್‌ನವರು ನುಣುಚಿಕೊಂಡರೆ ಅದೇ ಉತ್ತರ.

ಇಷ್ಟು ಹಟ ಯಾಕೆ ಅಂದರೆ, ಈ ವಿದ್ಯೆ ಕೈಗೆ ಹತ್ತುವುದು ಅಲ್ಲೇ. ನನ್ನ ಹತ್ತಿರ ಬಂದ ಒಬ್ಬ ವಿದ್ಯಾರ್ಥಿನಿ ಹತ್ತು ವರ್ಷ ಐಸಿಯು ನೋಡಿದವಳು. ಮೊದಲ ದಿನ ಎರಡು ವರ್ಷದ ಮಗುವಿನ ಕಿವಿ ನೋಡಿ "ಕೆಂಪಗಿದೆ, ಇನ್ಫೆಕ್ಷನ್" ಅಂದಳು. ಮಗು ಜೋರಾಗಿ ಅಳುತ್ತಿತ್ತು. ಅತ್ತರೆ ಕಿವಿಯ ತಮಟೆ ಕೆಂಪಾಗುತ್ತದೆ. ನೋಡಬೇಕಾದ್ದು ಅದು ಉಬ್ಬಿದೆಯಾ ಅನ್ನುವುದನ್ನು. ಮತ್ತೆ ಇಣುಕಿದಳು, ಉಬ್ಬಿರಲಿಲ್ಲ. ಆಂಟಿಬಯಾಟಿಕ್ ಬರೆಯಲಿಲ್ಲ. ವಿಡಿಯೋದಲ್ಲಿ ಇದನ್ನು ಐವತ್ತು ಸಲ ನೋಡಿದ್ದೆ ಅಂದಳು ಪಾಪ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರೋಗ್ರಾಂಗೆ ನರ್ಸಿಂಗ್ ಓದಿಗೆ ಮಾನ್ಯತೆ ಕೊಡುವ ಸಂಸ್ಥೆಗಳಾದ ಸಿಸಿಎನ್‌ಇ, ಎಸಿಇಎನ್ ಅಥವಾ ಸಿಎನ್‌ಇಎಯ ಮಾನ್ಯತೆ ಇರಲಿ. ಕಾಲೇಜಿಗೆ ಮಾನ್ಯತೆ ಇದ್ದರೆ ಸಾಲದು, ನರ್ಸಿಂಗ್ ಪ್ರೋಗ್ರಾಂಗೇ ಇರಬೇಕು. ಇಲ್ಲದಿದ್ದರೆ ಸರ್ಟಿಫಿಕೇಷನ್ ಪರೀಕ್ಷೆಗೆ ಕೂರಿಸುವುದಿಲ್ಲ. ಪಾಸಾದವರ ಶೇಕಡಾವಾರು ಹೇಳುವಾಗ ಅದು ಮೊದಲ ಸಲಕ್ಕೇ ಪಾಸಾದವರದ್ದಾ ಕೇಳಿ. ಜೊತೆಗೆ, ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು ಅನ್ನುವುದನ್ನೂ ಕೇಳಿ.

ಯಾವ ವಿಭಾಗ ಅನ್ನುವುದರಲ್ಲಿ ನಮ್ಮವರು ಬಹಳ ಎಡವುತ್ತಾರೆ. ಫ್ಯಾಮಿಲಿ ವಿಭಾಗ ತಗೊಂಡರೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಅಂತ ಒಂದು ನಂಬಿಕೆ. ಎಲ್ಲ ವಯಸ್ಸಿನವರನ್ನೂ ನೋಡಬಹುದು ನಿಜ, ಆದರೆ ಅದು ಪ್ರೈಮರಿ ಕೇರ್, ಅಂದರೆ ಕ್ಲಿನಿಕ್‌ನಲ್ಲಿ ಸಾಮಾನ್ಯ ಕಾಯಿಲೆ ನೋಡುವ ಓದು. ಐಸಿಯುನಲ್ಲೇ ಎನ್‌ಪಿ ಆಗಬೇಕು ಅಂದರೆ ಅಕ್ಯೂಟ್ ಕೇರ್, ಅಂದರೆ ತೀವ್ರ ಕಾಯಿಲೆಯವರನ್ನು ನೋಡುವ ವಿಭಾಗ ಓದಬೇಕು. ಆಮೇಲೆ ಬದಲಾಯಿಸಬೇಕಾದರೆ ಇನ್ನೊಂದು ಸರ್ಟಿಫಿಕೇಟ್ ಕೋರ್ಸು, ಮತ್ತೆ ಕ್ಲಿನಿಕಲ್ಸ್, ಮತ್ತೆ ಪ್ರಿಸೆಪ್ಟರ್ ಬೇಟೆ.

ರಾಜ್ಯದ ವಿಷಯ. ಆರ್‌ಎನ್ ಲೈಸೆನ್ಸ್‌ಗೆ ಕಾಂಪ್ಯಾಕ್ಟ್ ಇದೆ, ಒಂದೇ ಲೈಸೆನ್ಸ್‌ನಲ್ಲಿ ಹಲವು ರಾಜ್ಯಗಳಲ್ಲಿ ಕೆಲಸ ಮಾಡಬಹುದು. ಎನ್‌ಪಿಗೆ ಆ ಅನುಕೂಲ ಇನ್ನೂ ಜಾರಿಗೆ ಬಂದಿಲ್ಲ. ಆನ್‌ಲೈನ್ ಸ್ಕೂಲುಗಳೂ ಎಲ್ಲ ರಾಜ್ಯದವರನ್ನೂ ಸೇರಿಸಿಕೊಳ್ಳುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಕ್ಲಿನಿಕಲ್ಸ್ ಮಾಡಬೇಕಾದರೆ ಹೊರಗಿನ ಸ್ಕೂಲಿಗೆ ಅಲ್ಲಿನ ನರ್ಸಿಂಗ್ ಬೋರ್ಡಿನ ಒಪ್ಪಿಗೆ ಬೇಕು. ಯಜಮಾನರಿಗೆ ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ ನಡುವೆಯೇ ಮನೆ ಬದಲಾಯಿಸುವ ಸಾಧ್ಯತೆ ಇದ್ದರೆ ಇದನ್ನು ಈಗಲೇ ಕೇಳಿಡಿ. ಓದು ಮುಗಿದ ಮೇಲೂ ಅಷ್ಟೇ. ಅರಿಜೋನಾದಲ್ಲಿ ಎನ್‌ಪಿ ಸ್ವತಂತ್ರವಾಗಿ ಕ್ಲಿನಿಕ್ ಇಡಬಹುದು. ನಮ್ಮ ಟೆಕ್ಸಸ್‌ನಲ್ಲಿ ಔಷಧಿ ಬರೆಯಲು ಡಾಕ್ಟರ ಜೊತೆ ಲಿಖಿತ ಒಪ್ಪಂದ ಬೇಕೇ ಬೇಕು.

ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದವರು ಅಂಕಪಟ್ಟಿಯ ಕೆಲಸ ಮೊದಲೇ ಶುರು ಮಾಡಬೇಕು. ನಮ್ಮಲ್ಲಿ 65 ಪರ್ಸೆಂಟ್ ಅಂದರೆ ಫಸ್ಟ್ ಕ್ಲಾಸ್. ಇಲ್ಲಿಯವರ ಕಣ್ಣಿಗೆ ಅದು ಫೇಲಾಗುವ ಅಂಚಿನಲ್ಲಿ ಇದ್ದ ಹಾಗೆ. ಅದಕ್ಕೆ ಒಂದೊಂದು ವಿಷಯವನ್ನೂ ಇಲ್ಲಿನ ಜಿಪಿಎಗೆ ಬದಲಾಯಿಸುವ ಮೌಲ್ಯಮಾಪನ ಮಾಡಿಸಬೇಕು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬೇಕಾದರೆ ಬೆಂಗಳೂರಿನಲ್ಲಿ ಓಡಾಡಲು ತಮ್ಮನೋ ಮೈದುನನೋ ಒಬ್ಬರಿದ್ದರೆ ಒಳ್ಳೆಯದು. ಜಿಎನ್‌ಎಂ ಡಿಪ್ಲೊಮಾ ಮಾತ್ರ ಆಗಿರುವವರು ಮೊದಲು ಇಲ್ಲಿನ ನರ್ಸಿಂಗ್ ಪದವಿ ಬಿಎಸ್‌ಎನ್‌ಗೆ ಸಮನಾದದ್ದನ್ನು ಮುಗಿಸಬೇಕು, ಅಥವಾ ಅದನ್ನೂ ಸೇರಿಸಿಕೊಂಡಿರುವ ಬ್ರಿಜ್ ಕೋರ್ಸ್ ಹುಡುಕಬೇಕು.

ಅಂದ ಹಾಗೆ, ಊರಿನಲ್ಲೇ ಇದ್ದುಕೊಂಡು ಇಲ್ಲಿನ ಆನ್‌ಲೈನ್ ಎನ್‌ಪಿ ಓದಬಹುದಾ ಅಂತ ಕೆಲವರು ಕೇಳುತ್ತಾರೆ. ಇಲ್ಲಿನ ಆರ್‌ಎನ್ ಲೈಸೆನ್ಸ್ ಇಲ್ಲದೆ ಆಗುವುದಿಲ್ಲ. ಭಾರತದಲ್ಲಿ ನರ್ಸಿಂಗ್ ಕೌನ್ಸಿಲ್ ತಂದಿರುವ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಇದೆ, ಎರಡು ವರ್ಷ. ಅದು ಆಸ್ಪತ್ರೆಯಲ್ಲೇ ಇದ್ದು ಮಾಡುವ ರೆಸಿಡೆನ್ಸಿ.

ದುಡ್ಡಿನ ಮಾತು ಕೊನೆಗೆ ಇಟ್ಟುಕೊಂಡೆ. ನಿಮ್ಮ ಆಸ್ಪತ್ರೆ ಓದಿಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಆದರೆ ಓದಿದ ಮೇಲೆ ಎಷ್ಟು ವರ್ಷ ಅಲ್ಲೇ ಇರಬೇಕು ಅನ್ನುವ ಕರಾರು ಓದಿಯೇ ಸಹಿ ಹಾಕಿ. ಗ್ರೀನ್ ಕಾರ್ಡ್ ಮೇಲೆ ಬಂದವರಿಗೆ ಸರ್ಕಾರಿ ಸಾಲ ಸಿಗುತ್ತದೆ. 2025ರ ಕಾನೂನಿನಂತೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರಾಡ್ ಪ್ಲಸ್, ಅಂದರೆ ಪದವಿಯ ನಂತರದ ಓದಿಗೆ ಸಿಗುತ್ತಿದ್ದ ಸರ್ಕಾರಿ ಸಾಲ, ಇಲ್ಲ. ಹಾಗಾಗಿ ದುಬಾರಿ ಸ್ಕೂಲು ನೋಡುವವರು ಮೊದಲು ಲೆಕ್ಕ ಹಾಕಿ.

ಡಾಲಸ್‌ನ ಹುಡುಗಿ ಮೊನ್ನೆ ಮತ್ತೆ ಫೋನ್ ಮಾಡಿದಳು. ಸ್ಕೂಲಿಗೆ ಕೇಳಿದಳಂತೆ. ಮೂರು ಸಲ ಕೇಳಿದ ಮೇಲೆ "ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು" ಅಂದರಂತೆ.

"ಅಕ್ಕ, ನೀವೇ ಪ್ರಿಸೆಪ್ಟರ್ ಆಗಿಬಿಡಿ. ಆಗ ಇದೇ ಸ್ಕೂಲಿಗೆ ಸೇರಿಬಿಡ್ತೀನಿ."

"ಡಾಲಸ್‌ನಿಂದ ಹ್ಯೂಸ್ಟನ್‌ಗೆ ಕಾರಿನಲ್ಲಿ ನಾಲ್ಕು ಗಂಟೆ ಕಣೇ. ವಾರಕ್ಕೆ ಎರಡು ಸಲ ಬರ್ತೀಯಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಯಾವುದೋ ಮಗು ಹಾಲು ಕೇಳುತ್ತಿತ್ತು.

"ಹಾಗಾದ್ರೆ ಲಿಸ್ಟಲ್ಲಿ ಎರಡನೇ ಸ್ಕೂಲಿದೆಯಲ್ಲ, ಅವರಿಗೆ ಕೇಳ್ತೀನಿ ಇರಿ," ಅಂದು ಫೋನ್ ಇಟ್ಟಳು.