ಬಾಸ್ ರೇಗಿದಾಗ ಯಾವುದಕ್ಕೆ ಉತ್ತರ ಕೊಡಬೇಕು?

ಹುಬ್ಬಳ್ಳಿ-ಧಾರವಾಡದಲ್ಲಿ ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬರುವವರಲ್ಲಿ ಕೆಲಸ ಹೆಚ್ಚಾಯ್ತು ಅನ್ನುವವರು ಕಡಿಮೆ. "ಸಾಹೇಬ್ರು ಎಲ್ಲಾರ ಮುಂದ ಬೈತಾರ್ರಿ" ಅನ್ನುವವರೇ ಜಾಸ್ತಿ. ಅವರಿಗೆ ನಾನು ಹೇಳುವುದು ಇಷ್ಟು: ಆ ಬೈಗುಳದಲ್ಲಿ ಕೆಲಸದ ಮಾತು ಎಷ್ಟಿದೆ ಹುಡುಕಿ, ಅಷ್ಟಕ್ಕೆ ಮಾತ್ರ ಉತ್ತರ ಕೊಡಿ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ರೈತರಿಗೆ ಕೊಡುವ ಮಾರಾಟದ ಲೆಕ್ಕಪಟ್ಟಿ ಬರೆಯುವ ಹುಡುಗನೊಬ್ಬನ ಉದಾಹರಣೆ ನೋಡಿ. ಗುರುತು ಬದಲಿಸಿದ್ದೇನೆ. ಸುಗ್ಗಿಯಲ್ಲಿ ಪೇಟೆಯ ದಿನಗಳಾದ ಸೋಮವಾರ, ಗುರುವಾರ ಬಂತೆಂದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಾಹುಕಾರರು ಕೂಗಿದರು: "ಪಟ್ಟಿ ಇನ್ನೂ ಆಗಿಲ್ಲೇನು? ರೈತ್ರು ಕಾಯಾಕತ್ತಾರ. ತಲಿ ಐತೋ ಇಲ್ಲೋ ನಿನಗ?" ಹುಡುಗನ ಮನಸ್ಸಿಗೆ ನಾಟಿದ್ದು ಕೊನೆಯ ಮಾತು. ಆದರೆ ಕೆಲಸದ ಮಾತು ಮೊದಲಿನ ಎರಡೇ. ಅದಕ್ಕೆ ಉತ್ತರ ಹೀಗೆ: "ತೂಕದ ಚೀಟಿ ಈಗ ಬಂದಾವ್ರಿ ಸಾಹುಕಾರ್ರ. ನಾಲ್ಕೂವರಿಗೆ ಎಲ್ಲಾ ಪಟ್ಟಿ ಕೊಡ್ತೇನ್ರಿ."

ಇದು ತಲೆ ತಗ್ಗಿಸುವುದಲ್ಲ, ಎದುರು ವಾದಿಸುವುದೂ ಅಲ್ಲ. ಸಮಯ ಹೇಳಿದ್ದರಿಂದ ಮಾತು ಪಟ್ಟಿಯ ಕಡೆಗೆ ತಿರುಗಿತು. ನಿಜವಾದ ಮಾತುಕತೆ ಪೇಟೆ ಇಲ್ಲದ ದಿನ ಆಗಬೇಕು. ಚೀಟಿಗಳು ಒಂದೇ ಸಲ ಬರುವ ಬದಲು ತೂಕ ಆದಂತೆಲ್ಲ ಬಂದರೆ ಪಟ್ಟಿ ತಡವಾಗುವುದಿಲ್ಲ ಎಂದು ಅವನು ಬುಧವಾರ ಹೇಳಿದ. ಸಾಹುಕಾರರು ಒಪ್ಪಿದರು. ಅವರ ಸ್ವಭಾವವೇನೂ ಬದಲಾಗಿಲ್ಲ, ಕೂಗುವ ಕಾರಣ ಒಂದು ಕಡಿಮೆಯಾಯಿತು.

ಬೈಸಿಕೊಂಡ ಕ್ಷಣ ಇದೆಲ್ಲ ಎಲ್ಲಿ ಹೊಳೆಯುತ್ತೆ ಅಂತೀರಾ? ನಿಜ. ಮಿದುಳಿನ ಅಮಿಗ್ಡಲ ಅಪಾಯ ಎಂದು ಎಚ್ಚರಿಸುತ್ತದೆ, ಅಡ್ರಿನಲಿನ್ ಏರುತ್ತದೆ, ಎದೆ ಡವಡವ ಅನ್ನುತ್ತದೆ. ಆಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಎದೆಬಡಿತ ಇಳಿಯುತ್ತದೆ. ನಾಲ್ಕೈದು ಉಸಿರು ಸಾಕು, ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುವ ಬಾಸ್ ಆದರೆ, ಒಪ್ಪಿದ್ದನ್ನು ಅವತ್ತೇ ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಕಳಿಸಿ.

ಆದರೆ ಜಾತಿ ಹಿಡಿದು ಬೈದರೆ, ಕೈ ಎತ್ತಿದರೆ, ಮೈಮೇಲೆ ಕೈ ಹಾಕಿದರೆ ಶಾಂತವಾಗಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ತಾರೀಖು, ಸಮಯ, ಅಲ್ಲಿದ್ದವರ ಹೆಸರು ಬರೆದಿಟ್ಟು ದೂರು ಕೊಡಿ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಚಿಕ್ಕ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಸಾಮಾನ್ಯವಾಗಿ 3 ತಿಂಗಳೊಳಗೆ ದೂರು ಕೊಡಬೇಕು.

ಭಾನುವಾರ ರಾತ್ರಿಯೇ ಹೊಟ್ಟೆ ತೊಳಸಿದಂತಾಗುತ್ತದೆ, ವಾರಗಟ್ಟಲೆ ನಿದ್ದೆ ಇಲ್ಲ ಅಂದರೆ ಸುಮ್ನೆ ಸಹಿಸಬೇಡಿ. ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.